ಮುನ್ನೂರು ಚುಕ್ಕಿಗಳ ಚಾರ್ಟು

ಇಡೀ ರಾದ್ಧಾಂತಕ್ಕೆ ಮೂಲ ಎರಡು ಕಂಬಗಳು. ಕಲ್ಲಿನವೂ ಅಲ್ಲ, ಮರದವೂ ಅಲ್ಲ. ಕಾಗದದ ಮೇಲೆ ಬಣ್ಣ ಬಳಿದು ನಿಲ್ಲಿಸಿದವು. ಹೊಳೆ ದಾಟಿಸುವ ಲಾಂಚ್ ಕಚೇರಿಯ ಮ್ಯಾನೇಜರು ಅವನ್ನು ತಮ್ಮ ಕೈಯಾರೆ ಬರೆದು, ಬೆಳಗ್ಗೆ ಒಂಬತ್ತೂವರೆಗೆ ಹಾಜರಿ ಪುಸ್ತಕದ ಮೇಲ್ಗಡೆ ಗೋಡೆಗೆ ಅಂಟಿಸಿದ್ದರು. ನೀಲಿ ಕಂಬ ಹೊಸ ಚಾಲಕನದು, ಹೆಬ್ಬೆರಳಿನಷ್ಟು ಎತ್ತರ. ಕೆಂಪು ಕಂಬ ಹಳೆಯ ಚಾಲಕರದು. ಅದರ ನಾಲ್ಕು ಪಟ್ಟು. ಕೆಳಗೆ ದಪ್ಪಕ್ಷರದಲ್ಲಿ, 'ಲಾಂಚು ತಡವಾಗುವುದು ಯಾರಿಂದ? ನೀವೇ ನೋಡಿ' ಎಂದಿತ್ತು.

ಆ ಕಚೇರಿಯಲ್ಲಿ ಅಂಕಿಅಂಶದ ಗುಮಾಸ್ತನೊಬ್ಬನಿದ್ದ. ಗ್ರಾಫ್ ಹಾಳೆ ಕಂಡರೆ ಊಟ ಮರೆಯುವ ಮನುಷ್ಯ. ಸದಾ ಚುಕ್ಕಿ ಇಡುತ್ತಲೇ ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಚುಕ್ಕಿರಾಯ. ಸಹಿ ಹಾಕಲು ಬಂದ ಚುಕ್ಕಿರಾಯ ಪೆನ್ನಿನ ಮುಚ್ಚಳ ತೆಗೆದವನು ಹಾಗೆಯೇ ನಿಂತ. ಉಳಿದವರೆಲ್ಲ ಕಂಬಗಳ ತಲೆಯನ್ನು ನೋಡಿ ಮುಂದೆ ಹೋಗಿದ್ದರು. ಅವನು ಬುಡವನ್ನು ನೋಡಿದ. ಸೊನ್ನೆ ಇರಬೇಕಾದ ಜಾಗದಲ್ಲಿ ಇರುವೆಯಷ್ಟು ಚಿಕ್ಕದಾಗಿ ಮೂರು ಎಂದು ಬರೆದಿತ್ತು.

ಓದುಗರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಹೊಸ ಚಾಲಕನ ಲಾಂಚು ಸರಾಸರಿ ನಾಲ್ಕು ನಿಮಿಷ ತಡ. ಹಳೆಯ ಚಾಲಕರದು ಏಳು ನಿಮಿಷ. ಏಳು ಎನ್ನುವುದು ನಾಲ್ಕರ ಎರಡು ಪಟ್ಟೂ ಅಲ್ಲ. ಆದರೆ ಅಳತೆಯನ್ನು ಮೂರರಿಂದ ಆರಂಭಿಸಿಬಿಟ್ಟರೆ ಒಂದು ಕಂಬ ಒಂದು ಗೆರೆ ಎತ್ತರ, ಇನ್ನೊಂದು ನಾಲ್ಕು ಗೆರೆ ಎತ್ತರ. ಒಂದೇ ಒಂದು ಸುಳ್ಳು ಅಂಕಿಯನ್ನೂ ಬರೆಯದೆ ಇಷ್ಟು ದೊಡ್ಡ ಸುಳ್ಳನ್ನು ಗೋಡೆಗೆ ಅಂಟಿಸುವ ಮಹನೀಯರು ತಮ್ಮ ಮಕ್ಕಳ ಎತ್ತರವನ್ನು ಎಲ್ಲಿಂದ ಅಳೆಯುತ್ತಾರೆ? ಮೊಣಕಾಲಿನಿಂದಲೇ?

"ಸಾರ್, ನಿಮ್ಮ ಕಂಬಕ್ಕೆ ಕಾಲೇ ಇಲ್ಲ," ಎಂದ ಚುಕ್ಕಿರಾಯ.

"ಏನ್ರೀ ಹಾಗಂದ್ರೆ?"

"ಮೂರರಿಂದ ಶುರು ಮಾಡಿದೀರ. ಸೊನ್ನೆಯಿಂದ ಮಾಡ್ಬೇಕು."

"ಮೂರರ ಕೆಳಗೆ ಏನೂ ಇಲ್ವಲ್ರೀ. ಕಾಗದ ಯಾಕೆ ದಂಡ?"

"ಇದೆ ಸಾರ್. ಇಬ್ಬರದ್ದೂ ಮೂರು ಮೂರು ನಿಮಿಷ ಇದೆ."

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. "ನೋಡಿ, ಸಂಜೆ ನಾಲ್ಕಕ್ಕೆ ಮೇಲಧಿಕಾರಿಗಳು ಆ ದಡದಿಂದ ಬರ್ತಾರೆ. ಲಾಂಚು ಯಾಕೆ ತಡ ಅಂತ ಕೇಳ್ತಾರೆ. ಕಂಬ ತೋರಿಸ್ತೀನಿ. ನಾಳೆಯಿಂದ ಹಳೇ ಚಾಲಕರು ದಡದ ಸಾಮಾನು ಕೋಣೇಲಿ ಕೂರ್ತಾರೆ, ಹಗಲಿನ ಪಾಳಿ ಹೊಸಬನಿಗೆ. ಮುಗೀತು ಕತೆ. ಅವರು ನಿಮ್ಮ ಮಾವ ಅಂತ ನಿಮಗೆ ಸಂಕಟ. ನನಗೂ ಅರ್ಥ ಆಗತ್ತೆ."

ಹಳೆಯ ಚಾಲಕರು ಚುಕ್ಕಿರಾಯನ ಹೆಂಡತಿಯ ತಂದೆ ಎಂಬುದು ನಿಜ. ಮೂವರೂ ಒಂದೇ ಮನೆಯಲ್ಲಿ ಇದ್ದದ್ದೂ ನಿಜ. ಹೊಸ ಚಾಲಕನು ಮ್ಯಾನೇಜರ ಸ್ವಂತ ಬಾಮೈದ ಎಂಬುದು ಇನ್ನೂ ನಿಜ. ಆದರೆ ಆ ಸತ್ಯವನ್ನು ಮ್ಯಾನೇಜರು ಹೇಳಲಿಲ್ಲ, ಚುಕ್ಕಿರಾಯ ಕೇಳಲಿಲ್ಲ. ಪಕ್ಕದ ಕಿಟಕಿಯಲ್ಲಿ ಟಿಕೆಟ್ ಹರಿಯುವ ಅಕ್ಕ ಮಾತ್ರ ಜೋರಾಗಿ ಕೆಮ್ಮಿದಳು.

"ಒಂದೇ ಒಂದು ಅಂಕಿ ಹಿಡ್ಕೊಂಡು ಮನುಷ್ಯನ್ನ ಲಾಂಚಿಂದ ಇಳಿಸಬಾರದು ಸಾರ್," ಎಂದ ಚುಕ್ಕಿರಾಯ. "ತಡಕ್ಕೆ ಏನೇನು ಕಾರಣ ಇರಬಹುದೋ ಎಲ್ಲವನ್ನೂ ಒಂದೇ ಹಾಳೇಲಿ ಒಟ್ಟಿಗೆ ಇಟ್ಟು ನೋಡೋಣ. ನಾಲ್ಕು ಗಂಟೆವರೆಗೆ ಟೈಮ್ ಕೊಡಿ. ತಪ್ಪು ನಮ್ಮ ಮಾವಂದೇ ಅಂತ ಬಂದ್ರೆ ನಾನೇ ಎದ್ದು ನಿಂತು ಓದಿ ಹೇಳ್ತೀನಿ."

"ಮಾಡ್ಕೊಳ್ಳಿ. ಕಂಬ ಮಾತ್ರ ಗೋಡೆ ಬಿಟ್ಟು ಇಳಿಯಲ್ಲ," ಎಂದು ಮ್ಯಾನೇಜರು ಒಳಗೆ ಹೋದರು.

ಚುಕ್ಕಿರಾಯನ ಕೆಲಸದ ರೀತಿಯನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಅಂಕಿಗಳನ್ನು ಕುರ್ಚಿಯಲ್ಲಿ ಕುಳಿತು ಹುಟ್ಟಿಸುವ ಗುಮಾಸ್ತರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಇವನು ಆ ಜಾತಿಯವನಲ್ಲ. ಕಚೇರಿಯ ಹೊತ್ತಿನಲ್ಲಿ ಹೊರಡುವ ಲಾಂಚುಗಳಲ್ಲಿ ಪ್ರತಿ ಮೂರನೆಯದಕ್ಕೆ ತಾನೇ ಇಳಿದು ಹೋಗಿ, ಜನರನ್ನು ತಲೆ ಮುಟ್ಟದೆ ಬೆರಳು ತೋರಿಸಿ ಎಣಿಸುವನು; ಯಾರಾದರೂ ಜಾಗ ಬದಲಿಸಿದರೆ ಮತ್ತೆ ಮೊದಲಿನಿಂದ ಎಣಿಸುವನು; ಸೈಕಲ್ಲು, ಮೂಟೆ, ಪೆಟ್ಟಿಗೆಗಳನ್ನು ಬೇರೆ ಬೇರೆ ಬರೆಯುವನು; ಬಿದಿರ ಕೋಲಿಗೆ ಕಟ್ಟಿದ ರಿಬ್ಬನ್ನು ಹಿಡಿದು ಗಾಳಿಯ ದಿಕ್ಕು ನೋಡುವನು. ಅವನು ಹಸಿರು ಚೀಟಿ ಕೊಟ್ಟ ಮೇಲೆಯೇ ಹಗ್ಗ ಬಿಚ್ಚುವುದು. ಆರು ತಿಂಗಳಿಂದ ಒಂದು ದಿನವೂ ತಪ್ಪಿರಲಿಲ್ಲ. ಆ ದಿನ ಮಾತ್ರ, ಚಾರ್ಟಿನ ತುರ್ತಿನಲ್ಲಿ, ಅವನು ದಡಕ್ಕೆ ಇಳಿಯಲಿಲ್ಲ.

ನಾಲ್ಕು ಗ್ರಾಫ್ ಹಾಳೆಗಳನ್ನು ಅಂಟಿಸಿ ಮೇಜಿನ ತುಂಬ ಹರಡಿದ. ಹೋದ ತಿಂಗಳ ಮುನ್ನೂರು ಲಾಂಚುಗಳಿಗೆ ಮುನ್ನೂರು ಚುಕ್ಕಿ. ಅಡ್ಡಕ್ಕೆ ಜನರ ಸಂಖ್ಯೆ, ಉದ್ದಕ್ಕೆ ಎಷ್ಟು ನಿಮಿಷ ತಡ ಎಂಬುದು; ತಡದ ನಿಮಿಷಗಳು ದಡದ ಕಾವಲುಗಾರನ ಪುಸ್ತಕದಲ್ಲಿ ಪ್ರತಿ ಲಾಂಚಿಗೂ ದಾಖಲಾಗಿದ್ದವು. ಮಾವನವರ ನೂರ ಎಂಬತ್ತಕ್ಕೆ ಕೆಂಪು, ಬಾಮೈದನ ನೂರ ಇಪ್ಪತ್ತಕ್ಕೆ ನೀಲಿ. ಎಲ್ಲ ಸೊನ್ನೆಯಿಂದಲೇ.

ಅಷ್ಟರಲ್ಲಿ ಇಂಜಿನ್ ಮೇಸ್ತ್ರಿ ಎಣ್ಣೆಗೈ ಒರೆಸಿಕೊಳ್ಳುತ್ತ ಬಂದು ಬಗ್ಗಿದ. "ಗಾಳಿ ಎಲ್ಲಿ ರಾಯ್ರೇ? ಎದುರುಗಾಳಿ ಇದ್ರೆ ನನ್ನ ಇಂಜಿನ್ನು ಏದುಸಿರು ಬಿಡತ್ತೆ. ಅದನ್ನ ಹಾಕ್ದೆ ಚಾರ್ಟು ಹೆಂಗಾಗತ್ತೆ?"

ಮಾತು ನ್ಯಾಯವಾಗಿತ್ತು. ಮೇಸ್ತ್ರಿಯ ದಿನಚರಿ ತರಿಸಿ, ಪ್ರತಿ ಚುಕ್ಕಿಗೂ ಗಾಳಿಯ ದಿಕ್ಕಿಗೆ ಒಂದೊಂದು ಬಾಲ ಎಳೆದ.

"ಸೈಕಲ್ಲು, ಮೂಟೆ ಎಲ್ಲಿ?" ಎಂದು ಟಿಕೆಟ್ ಅಕ್ಕ ಕಿಟಕಿಯಿಂದಲೇ ಕೂಗಿದಳು. "ಸಂತೆ ದಿನ ಹತ್ತು ಸೈಕಲ್ಲು ಹತ್ತಿಸೋಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿರತ್ತೆ!"

ಅದೂ ನ್ಯಾಯವೇ. ಹೊರೆ ಹೆಚ್ಚಿದ್ದರೆ ಚುಕ್ಕಿ ದೊಡ್ಡದು, ಕಡಿಮೆಯಿದ್ದರೆ ಚಿಕ್ಕದು ಎಂದು ನಿಶ್ಚಯವಾಯಿತು. ಆದರೆ ಮುನ್ನೂರು ವೃತ್ತಗಳನ್ನು ಅಂದಾಜಿನಲ್ಲಿ ಬರೆಯುವುದು ಚುಕ್ಕಿರಾಯನ ಧರ್ಮಕ್ಕೆ ಒಪ್ಪುವ ಮಾತಲ್ಲ. ತೋಳಿನ ಗುಂಡಿ ಚಿಕ್ಕದು, ಎದೆಯ ಗುಂಡಿ ಮಧ್ಯಮ. ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಯಲೆಂದು ಎರಡನ್ನೂ ತನ್ನ ಅಂಗಿಯಿಂದ ಕಿತ್ತ. ದೊಡ್ಡದಕ್ಕೆ ಮೇಸ್ತ್ರಿಯ ಕೋಟಿನ ಗುಂಡಿ ಸಾಲ ಸಿಕ್ಕಿತು. ಮಧ್ಯಮ ಗುಂಡಿಗಳು ಒಂದೊಂದಾಗಿ ಮೇಜಿನ ಸಂದಿಗೆ ಉರುಳಿ ಮಾಯವಾದಂತೆ ಅಂಗಿಯಿಂದ ಮತ್ತೊಂದು, ಮಗದೊಂದು. ಹನ್ನೆರಡು ಗಂಟೆಗೆ ಅವನ ಅಂಗಿ, ಬಾಗಿಲಿಲ್ಲದ ಮನೆಯಂತೆ ಎರಡೂ ಕಡೆ ತೆರೆದುಕೊಂಡಿತ್ತು.

ಆಗ ಫೋನು ಬಂತು. ಹೆಂಡತಿ.

"ರೀ, ಅಪ್ಪನ್ನ ಸಾಮಾನು ಕೋಣೆಗೆ ಹಾಕ್ತಾರಂತೆ, ಹೌದಾ?"

"ಯಾರು ಹೇಳಿದ್ರು?"

"ಟಿಕೆಟ್ ಅಕ್ಕ. ಅಪ್ಪ ನಲವತ್ತು ವರ್ಷ ನೀರಿನ ಮೇಲೆ ಇದ್ದವರು. ಹತ್ತು ದಿನ ಆ ಕತ್ತಲೆ ಕೋಣೇಲಿ ಕೂತ್ರೆ ಮಲಗಿಬಿಡ್ತಾರೆ. ನೀವೇನು ಮಾಡ್ತಿದ್ದೀರಿ?"

"ಚಾರ್ಟ್ ಬರೀತಿದೀನಿ."

"ನಿಮ್ಮ ಕೈಲಿ ಅದಷ್ಟೇ ಆಗೋದು. ಸರಿ, ಅಪ್ಪಂದು ತಪ್ಪಿಲ್ಲ ಅಂತ ಬರೋ ಹಾಗೆ ಬರೀರಿ."

"ಹಾಗೆಲ್ಲ ಬರೆಯೋಕಾಗಲ್ಲ ಕಣೇ. ಏನಿದೆಯೋ ಅದೇ ಬರಬೇಕು."

"ಹಾಗಾದ್ರೆ ಊಟಕ್ಕೂ ಅಲ್ಲೇ ಏನಿದೆಯೋ ಅದನ್ನೇ ಮಾಡಿ," ಎಂದು ಫೋನಿಟ್ಟಳು.

ಊಟದ ಬದಲು ಟೀ ತರಿಸಿದ. ಮೇಸ್ತ್ರಿ ಬಾಲವೊಂದನ್ನು ಬೆರಳಿಟ್ಟು ತೋರಿಸಲು ಹೋಗಿ ಲೋಟವನ್ನು ಹಾಳೆಯ ಮೇಲೆಯೇ ಊರಿದ. ಎತ್ತಿದಾಗ ಚಾರ್ಟಿನ ನಡುಮಧ್ಯೆ ಕಂದು ಬಣ್ಣದ ದಿವ್ಯವಾದ ವೃತ್ತವೊಂದು ಉಳಿಯಿತು. ಮ್ಯಾನೇಜರು ಬಾಗಿಲಲ್ಲಿ ತಲೆ ಹಾಕಿ ನೋಡಿ, "ಇದೇನ್ರೀ, ಚಾರ್ಟೋ ಗೊದಮೊಟ್ಟೆಗಳ ಗುಂಡಿಯೋ?" ಎಂದು ನಕ್ಕು ಹೋದರು.

ಅವರು ನಗಲಿ. ಆ ಹಾಳೆಯನ್ನು ಕಣ್ಣಿದ್ದವರು ನೋಡಬೇಕಿತ್ತು. ಒಂದೊಂದು ಚುಕ್ಕಿಯೂ ಒಂದೊಂದು ಪ್ರಯಾಣ: ಎಷ್ಟು ಜನ, ಎಷ್ಟು ಹೊರೆ, ಯಾವ ಗಾಳಿ, ಯಾರ ಕೈ, ಎಷ್ಟು ತಡ, ಐದೂ ಒಂದೇ ನೋಟದಲ್ಲಿ. ಒಂದು ತಿಂಗಳ ಹೊಳೆಯೇ ಮೇಜಿನ ಮೇಲೆ ಮಲಗಿತ್ತು. ಎರಡು ಕಂಬ ನಿಲ್ಲಿಸಿ ಒಬ್ಬನನ್ನು ಗಲ್ಲಿಗೇರಿಸುವುದು ಸುಲಭ. ಐದು ಮಾತುಗಳಿಗೆ ಒಟ್ಟಿಗೆ ಕಿವಿಗೊಡುವುದು ಕಷ್ಟ. ಆ ಕಷ್ಟವನ್ನು ಅಂಗಿಯ ಗುಂಡಿ ಕಿತ್ತುಕೊಂಡು ಪಟ್ಟವನು ಅವನೊಬ್ಬನೇ.

ಆದರೂ ಕಾರಣ ಕಾಣಲಿಲ್ಲ. ಜನ ಹೆಚ್ಚಿದ್ದಾಗಲೂ ತಡ, ಕಡಿಮೆಯಿದ್ದಾಗಲೂ ತಡ. ಬಾಲಗಳು ಎಲ್ಲ ದಿಕ್ಕಿಗೂ ತಿರುಗಿದ್ದವು. ಕೆಂಪು ಚುಕ್ಕಿಗಳು ಮಾತ್ರ ಎರಡು ಗುಂಪಾಗಿದ್ದವು. ದೊಡ್ಡ ಗುಂಪು ಕೆಳಗೆ ನೀಲಿಯ ಜೊತೆಗೇ ನಾಲ್ಕು ನಿಮಿಷದ ಆಸುಪಾಸಿನಲ್ಲಿ, ಚಿಕ್ಕ ಗುಂಪು ಮೇಲೆ ಹದಿಮೂರರ ಹತ್ತಿರ. ಒಂದೇ ಕೈ, ಒಂದೇ ಲಾಂಚು, ಒಂದೇ ಹೊಳೆ. ಎರಡು ಗುಂಪು ಯಾಕೆ?

ಟಿಕೆಟ್ ಅಕ್ಕ ಕಿಟಕಿ ಮುಚ್ಚಿ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಅಲ್ಲ ರಾಯ್ರೇ, ನೀವು ಕಣ್ಣಾರೆ ಎಣಿಸಿದ್ದು ಯಾವುದು, ನಾನು ಟಿಕೆಟ್ ಪುಸ್ತಕ ನೋಡಿ ಅಂದಾಜಲ್ಲಿ ಹೇಳಿದ್ದು ಯಾವುದು? ಎಲ್ಲ ಒಂದೇ ಥರ ಇದೆಯಲ್ಲ. ನಾಳೆ ನನ್ನ ಅಂದಾಜು ತಪ್ಪಾದ್ರೆ ನನ್ನ ತಲೆಗೆ ಕಟ್ತಾರೆ."

ಚುಕ್ಕಿರಾಯನಿಗೆ ಕಪಾಳಕ್ಕೆ ಹೊಡೆದಂತಾಯಿತು. ಅಳೆದದ್ದನ್ನೂ ಊಹಿಸಿದ್ದನ್ನೂ ಒಂದೇ ವೇಷದಲ್ಲಿ ನಿಲ್ಲಿಸಿದರೆ ತನಗೂ ಮ್ಯಾನೇಜರಿಗೂ ಏನು ವ್ಯತ್ಯಾಸ? ಕೂಡಲೇ ಮೂಲೆಯಲ್ಲಿ ಬರೆದ: 'ತುಂಬಿದ ಚುಕ್ಕಿ, ಖುದ್ದು ಎಣಿಸಿದ್ದು. ಖಾಲಿ ಚುಕ್ಕಿ, ಅಂದಾಜು.' ತುಂಬಬೇಕಾದವು ಅರವತ್ತು. ಕೆಂಪು ಶಾಯಿ ಏಳಕ್ಕೇ ಮುಗಿಯಿತು. ಅಕ್ಕ ಚೀಲದಿಂದ ಉಗುರುಬಣ್ಣದ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. "ತಗೊಳ್ಳಿ. ಮದುವೆಗೆ ಅಂತ ಇಟ್ಟಿದ್ದೆ. ನಿಮ್ಮ ಮಾವ ನನಗೆ ಒಂದು ದಿನವೂ ಗದರಿದವರಲ್ಲ."

ಐವತ್ತಮೂರು ಚುಕ್ಕಿಗೆ ಉಗುರುಬಣ್ಣ ಹಚ್ಚಿ, ಊದಿ ಒಣಗಿಸಿ, ಹಿಂದಕ್ಕೆ ಸರಿದು ನೋಡಿದ ಚುಕ್ಕಿರಾಯ.

ಮೇಲಿದ್ದ ಗುಂಪು ಪೂರ್ತಿ ತುಂಬಿತ್ತು. ಕೆಳಗಿದ್ದ ಗುಂಪು ಪೂರ್ತಿ ಖಾಲಿ. ಅವನು ಎಣಿಸಲು ಹೋದ ಅರವತ್ತು ಲಾಂಚುಗಳೂ ಹದಿಮೂರು ನಿಮಿಷ ತಡ. ಹೋಗದೆ ಬಿಟ್ಟ ಎಲ್ಲವೂ ನಾಲ್ಕೇ ನಿಮಿಷ. ಒಂದೊಂದು ಎಣಿಕೆಗೆ ಒಂಬತ್ತು ನಿಮಿಷ. ಬಾಮೈದನ ಪಾಳಿ ಕಚೇರಿ ತೆರೆಯುವ ಮೊದಲು ಮತ್ತು ಮುಚ್ಚಿದ ಮೇಲೆ. ಅಲ್ಲಿಗೆ ಎಣಿಸಲು ಹೋಗುವವರಿರಲಿಲ್ಲ. ಆರು ತಿಂಗಳಿಂದ ತಡದ ಕಾರಣವನ್ನು ಹುಡುಕಲು ಬಿದಿರ ಕೋಲು ಹಿಡಿದು ಹೋಗುತ್ತಿದ್ದವನೇ ಆ ಕಾರಣ.

ಎರಡು ಗಂಟೆಯ ಲಾಂಚು ತಿರುಗಿ ಬಂದಿತ್ತು. ಮಾವನವರು ನೀರು ಕುಡಿಯಲು ಮೇಲೆ ಬಂದವರು ಅಳಿಯನ ಮುಖ ನೋಡಿದರು, ಹಾಳೆ ನೋಡಿದರು, ಅಂಗಿ ನೋಡಿದರು.

"ಮಾವ, ನಾನು ಎಣಿಸೋದ್ರಿಂದಲೇ ತಡ ಆಗ್ತಿದೆ. ನಿಮಗೆ ಗೊತ್ತಿತ್ತಾ?"

"ಗೊತ್ತಿರದೆ ಏನು ಅಳಿಯಂದ್ರೇ? ಗಡಿಯಾರ ನನ್ನ ಮೂಗಿನ ಮುಂದೇ ಇದೆ."

"ಹೇಳಬಾರದಿತ್ತಾ?"

ಮುದುಕರು ಲೋಟ ಕೆಳಗಿಟ್ಟರು. "ಬಿಸಿಲಲ್ಲಿ ನಿಂತು ಅಷ್ಟು ಶ್ರದ್ಧೆಯಿಂದ ಎಣಿಸ್ತೀರಿ. ಒಬ್ಬ ಎದ್ದು ಕೂತ್ರೆ ಮತ್ತೆ ಒಂದರಿಂದ ಶುರು ಮಾಡ್ತೀರಿ. ಅಂಥ ಮನುಷ್ಯನಿಗೆ 'ಸಾಕು ಇಳೀರಿ' ಅನ್ನೋಕೆ ಬಾಯಿ ಬರಲಿಲ್ಲ. ಮಗಳ ಗಂಡ ಅಂತಲ್ಲ. ಕೆಲಸ ಅಂದ್ರೆ ಹಾಗಿರಬೇಕು." ಸ್ವಲ್ಪ ತಡೆದು, "ಆ ಖಾಲಿ ಚುಕ್ಕಿಗಳಿಗೂ ಬಣ್ಣ ಹಚ್ಚಿಬಿಡಿ. ಯಾರಿಗೂ ಗೊತ್ತಾಗಲ್ಲ. ನನಗೇನು, ವಯಸ್ಸಾಯ್ತು, ಸಾಮಾನು ಕೋಣೇಲಿ ಫ್ಯಾನಿದೆಯಂತೆ. ನಿಮ್ಮ ನೌಕರಿ ಇನ್ನೂ ಇಪ್ಪತ್ತು ವರ್ಷ ಇದೆ," ಎಂದು ಮುಂದಿನ ಲಾಂಚಿಗೆ ಇಳಿದು ಹೋದರು.

ಉಗುರುಬಣ್ಣದ ಸೀಸೆ ಅರ್ಧ ತುಂಬಿತ್ತು. ಹಚ್ಚಿದರೆ ಯಾರೂ ಕಂಡುಹಿಡಿಯುತ್ತಿರಲಿಲ್ಲ. ಚುಕ್ಕಿರಾಯ ಸೀಸೆಯನ್ನು ಕೈಗೆತ್ತಿಕೊಂಡ. ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿದ. ಹೋಗಿ ಅಕ್ಕನ ಕಿಟಕಿಯಲ್ಲಿಟ್ಟು ಬಂದ. ದೊಡ್ಡ ದೊಡ್ಡ ವೇದಿಕೆಗಳಲ್ಲಿ ಪ್ರಾಮಾಣಿಕತೆಯ ಬಗ್ಗೆ ಮಾತಾಡುವವರು ಈ ನಾಲ್ಕು ಹೆಜ್ಜೆಯನ್ನು ನಡೆದು ನೋಡಲಿ, ಆಮೇಲೆ ಮಾತಾಡಲಿ.

ಮೇಲಧಿಕಾರಿಗಳು ನಾಲ್ಕಕ್ಕೆ ಸರಿಯಾಗಿ ಬಂದುಬಿಟ್ಟರು. ಅದೇ ಎಡವಟ್ಟಾಯಿತು, ಆ ದಿನ ಎಣಿಸುವವರಿಲ್ಲದೆ ಲಾಂಚುಗಳೆಲ್ಲ ಹೆಚ್ಚುಕಡಿಮೆ ಹೊತ್ತಿಗೇ ಓಡುತ್ತಿದ್ದವು, ಕಾಲು ಗಂಟೆ ತಡವನ್ನು ನಂಬಿ ಕುಳಿತಿದ್ದ ಮ್ಯಾನೇಜರು ಬಾಯಲ್ಲಿ ಬಿಸ್ಕತ್ತಿಟ್ಟುಕೊಂಡೇ ಕೈ ಮುಗಿಯಬೇಕಾಯಿತು. ಚುಕ್ಕಿರಾಯ ಒಂದು ಕೈಯಲ್ಲಿ ಅಂಗಿ, ಇನ್ನೊಂದರಲ್ಲಿ ಚಾರ್ಟು ಹಿಡಿದು ನಿಂತ.

"ಅಬ್ಬಾ!" ಎಂದರು ಮೇಲಧಿಕಾರಿಗಳು. ಕಂಬಗಳ ಕಡೆ ತಿರುಗಿಯೂ ನೋಡಲಿಲ್ಲ. "ಇದನ್ನು ಬರೆದವರು ಯಾರು? ಬಣ್ಣ, ಗಾತ್ರ, ಬಾಲ... ಆಹಾ! ಈ ಮಧ್ಯದ ಕಂದು ವೃತ್ತ ಏನು?"

"ಅದು ಟೀ ಸಾರ್."

"ನೋಡಿ, ಮುಚ್ಚಿಡದೆ ಹೇಳ್ತಾರೆ!"

"ಇನ್ನೊಂದೂ ಮುಚ್ಚಿಡಬಾರದು ಸಾರ್," ಎಂದ ಚುಕ್ಕಿರಾಯ. "ತಡ ಹಳೇ ಚಾಲಕರಿಂದ ಅಲ್ಲ. ನನ್ನಿಂದ. ಮೇಲಿರೋ ತುಂಬಿದ ಚುಕ್ಕಿಗಳೆಲ್ಲ ನಾನು ಎಣಿಸೋಕೆ ಹೋಗಿ ನಿಲ್ಲಿಸಿದ ಲಾಂಚುಗಳು. ಎಣಿಸೋದು ಬಿಟ್ರೆ ತಡ ತಾನಾಗಿ ನಿಲ್ಲತ್ತೆ. ಶಿಕ್ಷೆ ಕೊಡೋದಿದ್ರೆ ನನಗೆ ಕೊಡಿ."

ಟಿಕೆಟ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಲಧಿಕಾರಿಗಳು ಕನ್ನಡಕ ತೆಗೆದರು.

"ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಮನುಷ್ಯನನ್ನು ಕಂಡಿಲ್ಲ. ಆದರೆ ಐದರಲ್ಲಿ ನಾಲ್ಕು ಚುಕ್ಕಿ ಖಾಲಿ ಇವೆ. ಖಾಲಿ ಅಂದರೆ ಅಂದಾಜು ಅಂತ ನೀವೇ ಬರೆದಿದ್ದೀರಿ. ಅಂದಾಜಿನ ಮೇಲೆ ಇಂಥ ಪ್ರಾಮಾಣಿಕರ ತಲೆಗೆ ತಪ್ಪು ಹೊರಿಸೋಕೆ ನನ್ನ ಮನಸ್ಸು ಒಪ್ಪಲ್ಲ."

"ತಡದ ನಿಮಿಷ ಅಂದಾಜಲ್ಲ ಸಾರ್, ಅದು ಕಾವಲುಗಾರನ ಪುಸ್ತಕದಲ್ಲಿ..."

"ನಿಮ್ಮ ವಿನಯ ನನಗೆ ಗೊತ್ತಾಯ್ತು, ಬಿಡಿ. ಎಲ್ಲ ಚುಕ್ಕಿಯೂ ತುಂಬಬೇಕು. ಇವತ್ತಿನಿಂದಲೇ ಪ್ರತಿಯೊಂದು ಲಾಂಚನ್ನೂ ನೀವೇ ಎಣಿಸಿ, ಬೆಳಗಿನ ಮೊದಲನೆಯದರಿಂದ ಕೊನೆಯದರವರೆಗೆ. ಚಾಲಕರ ವಿಚಾರ ಆಮೇಲೆ ನೋಡೋಣ."

"ಎಣಿಸಿದ್ರೆ ತಡ ಆಗತ್ತೆ ಸಾರ್!"

"ತಡ ಆಗತ್ತೋ ಇಲ್ಲವೋ ಅನ್ನೋದು ಎಣಿಸಿದ ಮೇಲೆ ತಾನೇ ಗೊತ್ತಾಗೋದು?" ಎಂದು ಅವರು ಚುಕ್ಕಿರಾಯನ ಬೆನ್ನು ತಟ್ಟಿದರು. ಬೆನ್ನು ತಟ್ಟಿದ ರಭಸಕ್ಕೆ ಅಂಗಿ ಮತ್ತೆ ಬಾಯಿ ಬಿಟ್ಟಿತು.

ಐದು ಗಂಟೆಯ ಲಾಂಚಿಗೆ ಮೇಲಧಿಕಾರಿಗಳು ವಾಪಸು ಹೊರಟರು. ಮುಂದಿನ ಬೆಂಚಿನಲ್ಲಿ ಅವರು, ಪಕ್ಕದಲ್ಲಿ ಬೀಳ್ಕೊಡಲು ಆ ದಡದವರೆಗೆ ಹೊರಟ ಮ್ಯಾನೇಜರು, ಚುಕ್ಕಾಣಿಯಲ್ಲಿ ಮಾವನವರು. ಹೊಸ ಆಜ್ಞೆಯ ಮೊದಲ ಲಾಂಚು ಅದು. ಚುಕ್ಕಿರಾಯ ಬಿದಿರ ಕೋಲು ಹಿಡಿದು ಹಿಂದಿನ ಸಾಲಿನಿಂದ ಎಣಿಸುತ್ತ ಬಂದ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು... ಯಾರೋ ಎದ್ದು ನೆರಳಿಗೆ ಸರಿದರು. ಮತ್ತೆ ಒಂದು, ಎರಡು...

ಐದೂ ಐದಾಯಿತು. ಐದೂ ಹತ್ತಾಯಿತು. ಮೇಲಧಿಕಾರಿಗಳು ಗಡಿಯಾರ ನೋಡಿಕೊಂಡರು, ಕಾಲು ಬದಲಿಸಿದರು, ಕುತ್ತಿಗೆ ಚಾಚಿ ಚುಕ್ಕಾಣಿಯ ಕಡೆ ನೋಡಿದರು. ಅಲ್ಲಿ ನರೆತ ತಲೆಯ ಮುದುಕರೊಬ್ಬರು ಚಕ್ರದ ಮೇಲೆ ಕೈಯಿಟ್ಟು ತಾಳ್ಮೆಯಿಂದ ಕುಳಿತಿದ್ದರು.

"ಮ್ಯಾನೇಜರೇ," ಎಂದು ಅವರು ಪಿಸುಗುಟ್ಟಿದ್ದು ಇಡೀ ಲಾಂಚಿಗೆ ಕೇಳಿಸಿತು, "ಗೋಡೆ ಮೇಲೆ ಏನೋ ಎರಡು ಕಂಬ ಬರೆದಿದ್ರಲ್ಲ, ಅದನ್ನ ನನಗೆ ಕಳಿಸಿಕೊಡಿ. ನನಗ್ಯಾಕೋ ಈ ಚಾಲಕರಿಗೆ ವಯಸ್ಸಾಯ್ತು ಅನ್ನಿಸ್ತಿದೆ."

ಮಾತು ಕಿವಿಗೆ ಬಿದ್ದ ಚುಕ್ಕಿರಾಯನಿಗೆ ಮೂವತ್ತೊಂದೋ ಮೂವತ್ತೆರಡೋ ಮರೆತುಹೋಯಿತು. ಮಾವನವರು ತಿರುಗಿ ನೋಡಿ, "ಅವಸರ ಇಲ್ಲ ಅಳಿಯಂದ್ರೇ, ನಿಧಾನವಾಗಿ ಎಣಿಸಿ," ಎಂದರು.

ಅವನು ಹಿಂದಿನ ಸಾಲಿಗೆ ಹೋಗಿ ಮತ್ತೆ ಒಂದರಿಂದ ಶುರುಮಾಡಿದ.